ಎದುರು ಮನೆಯವರೆಗಿನ ಗ್ರೀಸ್ ಪ್ರವಾಸ

ನಮ್ಮ ಅಳಿಯಂದಿರು ಗ್ರೀಸ್ ದೇಶಕ್ಕೆ ಹೋಗಲಿಲ್ಲ. ಹೋದದ್ದು ಅವರ ಚೀಲ ಮಾತ್ರ, ಅದೂ ಎದುರು ಮನೆಯವರೆಗೆ. ಯಾರು ಏನೇ ಹೇಳಲಿ, ಇದರಲ್ಲಿ ವಿಮಾನದವರದೂ ತಪ್ಪಿಲ್ಲ, ಎದುರು ಮನೆಯ ರೊನಾಲ್ಡನದೂ ತಪ್ಪಿಲ್ಲ. ಅತಿ ಬುದ್ಧಿಯವರು ಒಬ್ಬರು ಮನೆಯಲ್ಲಿದ್ದರೆ ಬೇರೆ ಶತ್ರು ಯಾಕೆ ಬೇಕು?

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಳಿಯಂದಿರು ಓದಿದ್ದು ಇಂಜಿನಿಯರಿಂಗು. ಮಸ್ಕತ್ತಿನ ಅಲ್ ಖುವೈರ್‌ನ ಕಂಪನಿಯೊಂದರಲ್ಲಿ ಅವರ ಕೆಲಸವೇ ಪ್ಲಾನಿಂಗು. ಅಂದರೆ, ಬೇರೆಯವರು ಮಾಡುವ ಕೆಲಸ ಯಾವಾಗ ಮುಗಿಯಬೇಕೆಂದು ತಾವು ಕೂತು ಬಣ್ಣದ ಗೆರೆ ಎಳೆಯುವುದು. ಅಲ್ಲಿ ಎಳೆದದ್ದು ಸಾಲದೆಂದು ಮನೆಗೆ ಬಂದು ಫ್ರಿಜ್ಜಿನ ಬಾಗಿಲ ಮೇಲೂ ಎಳೆಯುತ್ತಾರೆ. ದೋಸೆ ಹಿಟ್ಟಿಗೂ ಒಂದು ಹಸಿರು ಗೆರೆ! ಹೋದ ಚಳಿಗಾಲದಲ್ಲಿ ಹಿಟ್ಟು ಹುದುಗಲಿಲ್ಲ.

“ಅತ್ತೆ, ಹಿಟ್ಟು ಲೇಟಾಗಿದೆ” ಎಂದರು.

“ಸಂಬಳ ಕಟ್ ಮಾಡಿ” ಎಂದೆ.

ನಗಲಿಲ್ಲ, ಮಹಾರಾಯರು! ಹಸಿರು ಗೆರೆ ಅಳಿಸಿ ಕೆಂಪು ಗೆರೆ ಎಳೆದರು.

ಇಂಥವರು ಗ್ರೀಸಿಗೆ ಹೊರಟದ್ದು ನನ್ನ ಮಗಳಿಗಾಗಿ. ಹೋದ ವರ್ಷ ಅವಳಿಗೆ ದೊಡ್ಡ ಕಾಯಿಲೆ ಬಂತು. ನಾನು ಮೈಸೂರಿನಿಂದ ಮಸ್ಕತ್ತಿಗೆ ಬಂದು ಕೂತದ್ದೂ ಅದಕ್ಕೇ. ಕಾಯಿಲೆ ಹೋಯಿತು, ಔಷಧಿಯ ದೆಸೆಯಿಂದ ಸೊಂಟ ದಾಟಿದ್ದ ಜಡೆಯೂ ಹೋಯಿತು. ಈಗ ಬೆರಳುದ್ದ ಕೂದಲು ಬಂದಿದೆ. ಹೊರಗೆ ಹೋಗುವಾಗ ತಲೆಗೆ ಒಂದು ಸ್ಕಾರ್ಫ್ ಬಿಗಿಯುತ್ತಾಳೆ. ಇಲ್ಲಿರುವ ನಮ್ಮ ಕನ್ನಡದವರೆಲ್ಲ ಅವಳ ಜಡೆ ನೋಡಿದವರು. ಎಲ್ಲಿ ಸಿಕ್ಕರೂ ಅದೇ ಮಾತು.

“ಗಲಾಟೆ ಇರೋ ಬೀಚಿಗೆ ಕರ್ಕೊಂಡು ಹೋಗಿ” ಎಂದು ಒಂದು ದಿನ ಗಂಡನಿಗೆ ಹೇಳಿದಳು. “ಹಾಡು, ಕುಣಿತ, ಜನ ಎಲ್ಲಾ ಇರ್ಬೇಕು. ಆಸ್ಪತ್ರೇಲಿ ಸದ್ದಿಲ್ದೆ ಮಲಗಿದ್ದು ಸಾಕಾಗಿದೆ. ಬರೀ ತಲೇಲಿ ನೀರಿಗಿಳೀಬೇಕು. ಅಲ್ಲಿ ಯಾರಿಗೂ ನನ್ನ ಜಡೆ ಗೊತ್ತಿರಬಾರದು.”

ಅಷ್ಟೇ ಅವಳು ಕೇಳಿದ್ದು. ಕಾಯಿಲೆಯಾದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ.

ಅಳಿಯಂದಿರು ಹುಡುಕಿ ಹುಡುಕಿ ಗ್ರೀಸಿನ ಒಂದು ದ್ವೀಪ ಹಿಡಿದರು. ವಿಡಿಯೊ ತೋರಿಸಿದರು. ಹಾಡಿನ ಅಬ್ಬರಕ್ಕೆ ನಮ್ಮ ಟಿವಿ ಸ್ಟ್ಯಾಂಡೇ ಅದುರಿತು.

“ಅಜ್ಜಿ, ದಟ್ ಈಸ್ ಅ ಪಾರ್ಟಿ ಬೀಚ್!” ಎಂದಳು ಮೊಮ್ಮಗಳು.

“ಪಾರ್ಟಿನೋ, ಬಡಿದಾಟಾನೋ?” ಎಂದೆ. ಗಂಡ ಹೆಂಡತಿ ಹೋಗುವುದು, ನಾನೂ ಮೊಮ್ಮಗಳೂ ಮನೆಯಲ್ಲಿರುವುದು ಎಂದು ತೀರ್ಮಾನವಾಯಿತು.

ಸರಿ, ಟಿಕೆಟ್ಟು ತೆಗೆದು ಹೋಗಬಾರದೆ? ಉಂಟೇ! ಮೊದಲು ರಿಹರ್ಸಲ್ ಆಗಬೇಕಂತೆ! ಒಂದು ಸಂಜೆ ಇಲ್ಲಿಯದೇ ಖುರುಮ್ ಬೀಚಿಗೆ ನಮ್ಮೆಲ್ಲರ ಮೆರವಣಿಗೆ. ಎರಡು ಗಾಲಿ ಸೂಟ್‌ಕೇಸು, ಕೊಡೆ, ಚಾಪೆ, ನನ್ನ ಕೈಯಲ್ಲಿ ಪುಳಿಯೋಗರೆ ಡಬ್ಬಿ. ಮರಳಿನಲ್ಲಿ ಗಾಲಿ ಉರುಳುತ್ತದೆಯೇ? ಅಳಿಯಂದಿರು ಎಳೆದರು, ತಳ್ಳಿದರು, ಕೊನೆಗೆ ಸೂಟ್‌ಕೇಸನ್ನು ಮಗುವಿನಂತೆ ಎತ್ತಿಕೊಂಡರು. ಕಪ್ಪು ಕನ್ನಡಕ ಹಾಕಿ ಚಾಪೆಯ ಮೇಲೆ ಮಲಗಿ, “ಈಗ ನಾವು ರಿಲ್ಯಾಕ್ಸ್ ಆಗ್ತಾ ಇದ್ದೀವಿ” ಎಂದು ಗಡಿಯಾರ ನೋಡಿಕೊಂಡರು.

ಪಕ್ಕದಲ್ಲಿ ಕೂತಿದ್ದ ಒಮಾನಿ ಮುದುಕರೊಬ್ಬರು ಇದನ್ನೆಲ್ಲ ಬಹಳ ಹೊತ್ತು ನೋಡಿದರು. ಪಾಪ, ಎದ್ದು ಬಂದು ಖರ್ಜೂರ ಕೊಟ್ಟು, ಕಹ್ವಾ ಕಾಫಿ ಬಗ್ಗಿಸಿ ಕೊಟ್ಟು, ಅಳಿಯಂದಿರ ಭುಜ ತಟ್ಟಿ, ಆ ಕಡೆ ಕೈ ತೋರಿಸಿ ಹಿಂದಿಯಲ್ಲಿ ಮೆತ್ತಗೆ ಹೇಳಿದರು: “ಭಾಯ್, ಏರ್‌ಪೋರ್ಟ್ ಉಸ್ ತರಫ್ ಹೈ.”

ಮಗಳು ನಕ್ಕಳು. ಎಷ್ಟು ತಿಂಗಳಾಗಿತ್ತೋ ಆ ನಗು ಕೇಳಿ! ಎದ್ದು ನೀರಿನ ಕಡೆ ಹೆಜ್ಜೆಯನ್ನೂ ಇಟ್ಟಳು. ಆಗಲೇ ವಾಕಿಂಗಿಗೆ ಬಂದ ನಮ್ಮ ಕನ್ನಡ ಸಂಘದ ಒಬ್ಬಾಕೆ ಅಡ್ಡ ನಿಂತರು. “ಅಯ್ಯೋ, ಎಂಥಾ ಜಡೆ ಇತ್ತಲ್ರೀ ನಿಮ್ಗೆ! ಹಾವಿನ ಹಾಗೆ!” ಮಗಳು ಸ್ಕಾರ್ಫ್ ಎಳೆದುಕೊಂಡು ಸೀದಾ ಹೋಗಿ ಕಾರಿನಲ್ಲಿ ಕೂತಳು. ಪುಳಿಯೋಗರೆ ತಿಂದದ್ದು ಕಾರಿನಲ್ಲೇ.

ಹೊರಡುವ ವಾರ ಬಂತು. ಅಳಿಯಂದಿರು ಎಂದೂ ಇಲ್ಲದ್ದು ಪಂಚಾಂಗ ಹಿಡಿದರು, ಫೋನಿನಲ್ಲೇ! “ಅತ್ತೆ, ಗುರುವಾರ ಫ್ಲೈಟು. ಅವತ್ತು ಅಷ್ಟಮಿ!” ಎಂದರು. ಅಷ್ಟಮಿಯೋ ಕಷ್ಟವೋ, ವಿಮಾನ ಹಾರಿದರೆ ಸಾಲದೆ? ಸಾಲದಂತೆ. ಹಿಂದಿನ ದಿನ ಒಳ್ಳೆಯ ಗಳಿಗೆಯಲ್ಲಿ ಪರಸ್ಥಾನ ಇಡುತ್ತಾರಂತೆ.

ಪರಸ್ಥಾನ ನಮ್ಮ ಕಡೆಯ ಹಳೆಯ ಪದ್ಧತಿ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಮುಂಚೆಯೇ ಒಳ್ಳೆಯ ಹೊತ್ತು ನೋಡಿ ಒಂದು ಗಂಟನ್ನು ಬೇರೆ ಮನೆಯಲ್ಲಿ ಇಟ್ಟುಬರುವುದು. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ. ಆ ಗಂಟು ಮತ್ತೆ ಮನೆಯೊಳಗೆ ಬರಬಾರದು. ಹೊರಡುವಾಗ ಅಲ್ಲಿಂದಲೇ ಎತ್ತಿಕೊಳ್ಳಬೇಕು. ನಮ್ಮಮ್ಮ ಒಂದು ಹಿಡಿ ಅಕ್ಕಿ, ಎರಡು ಅಡಿಕೆ ಕಟ್ಟಿ ಇಡುತ್ತಿದ್ದಳು. ಮುಗಿಯಿತು.

ಇಂಜಿನಿಯರರಿಗೆ ಅಕ್ಕಿ ಸಾಕೇ? ಬುಧವಾರ ಸ್ನಾನ ಮಾಡಿ, ಹಣೆಗೆ ಕುಂಕುಮ ಇಟ್ಟುಕೊಂಡು, ಒಂದು ಚೀಲ ಹಿಡಿದು ಎದುರು ಫ್ಲಾಟಿನ ಬೆಲ್ಲು ಒತ್ತಿದರು. ಅಲ್ಲಿರುವ ರೊನಾಲ್ಡ್ ಮಂಗಳೂರಿನವನು, ಒಬ್ಬನೇ ಇರುವವನು.

“ಇದು ಎಂಥ ಮಾರಾಯ್ರೆ, ಬೆಳಿಗ್ಗೆ ಬೆಳಿಗ್ಗೆ?”

“ಪರಸ್ಥಾನ. ನಾಳೆ ಮಧ್ಯಾಹ್ನ ತಗೋತೀನಿ. ಅಲ್ಲೀವರೆಗೆ ಯಾರೂ ಮುಟ್ಟಬಾರದು.”

“ಮುಟ್ಟುವುದಿಲ್ಲ. ನಮ್ಮ ಯೇಸುವಿನ ಆಲ್ಟರ್ ಹತ್ರವೇ ಇಡ್ತೇನೆ. ನಿಮ್ಮ ದೇವರಿಗೆ ಪರವಾಗಿಲ್ಲ ಅಲ್ವಾ?”

ಗುರುವಾರ ಮಧ್ಯಾಹ್ನ ಮಗಳು ಹೊಸ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಅಳಿಯಂದಿರು ಎದುರು ಮನೆಯ ಬೆಲ್ಲು ಒತ್ತಿದರು. ಮತ್ತೆ ಒತ್ತಿದರು. ಬಾಗಿಲಿಗೆ ಬೀಗ!

ಫೋನು ಮಾಡಿದರೆ ರೊನಾಲ್ಡ್ ದೂರದ ದುಕ್ಮ್‌ನಲ್ಲಿ! ಬಂದರಿನಲ್ಲಿ ಏನೋ ಕೆಟ್ಟಿತೆಂದು ರಾತ್ರಿಯೇ ಕಂಪನಿ ಬಸ್ಸು ಹತ್ತಿಸಿ ಕಳಿಸಿದ್ದರಂತೆ. ಮರುಭೂಮಿ ದಾಟಿ ಅವನು ಬರುವಷ್ಟರಲ್ಲಿ ನಮ್ಮ ವಿಮಾನ ಹೋಗಿ ವಾಪಸ್ಸೂ ಬಂದಿರುತ್ತದೆ. “ಹೆದರಬೇಡಿ ಸರ್” ಎಂದು ಅವನೇ ಧೈರ್ಯ ಹೇಳಿದ. “ನಿಮ್ಮ ಚೀಲ ಯಾರೂ ಮುಟ್ಟದ ಹಾಗೆ ಡಬಲ್ ಲಾಕ್ ಹಾಕಿದ್ದೇನೆ.” ವಾಚ್‌ಮನ್ನನ ಹತ್ತಿರ ಬೇರೆ ಕೀ ಇರಲಿಲ್ಲ.

“ಹೋಗ್ಲಿ ಬಿಡಿ, ಅದರಲ್ಲೇನಿದೆ? ಅಕ್ಕಿ ತಾನೆ?” ಎಂದೆ.

ಅಳಿಯಂದಿರು ಗೋಡೆ ಹಿಡಿದುಕೊಂಡರು. “ಪ್ರಯಾಣಕ್ಕೆ ಯಾವುದು ಮುಖ್ಯವೋ ಅದೇ ಮೊದಲು ಹೊರಡಲಿ ಅಂತ... ಇಬ್ಬರ ಪಾಸ್‌ಪೋರ್ಟೂ ಅದರಲ್ಲೇ ಇಟ್ಟೆ, ಅತ್ತೆ.”

“ಏನೋ ಪ್ಲಾನ್ ಬಿ ಅಂತಿದ್ರಲ್ಲ, ಅದೆಲ್ಲಿ?”

“ಅದೂ ಅದರಲ್ಲೇ.”

ಖಲಾಸ್! ವಿಮಾನದ ಹೊತ್ತಿಗೆ ಬೀಗ ತೆಗೆಯುವವನೂ ಸಿಗಲಿಲ್ಲ. ವೀಸಾ ಕೊಟ್ಟದ್ದು ಆ ವಾರಕ್ಕೆ, ಟಿಕೆಟ್ಟು ದುಡ್ಡು ವಾಪಸ್ಸು ಬಾರದ ಜಾತಿಯದು. ಮಗಳು ಚಪ್ಪಲಿ ಬಿಚ್ಚಿ ಗೂಡಿನಲ್ಲಿ ಜೋಡಿಸಿಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಬಯ್ಯುವುದಕ್ಕೆಂದು ಸೆರಗು ಸಿಕ್ಕಿಸಿಕೊಂಡೆ. ಈ ಮನೆಗೆ ಬಂದಂದಿನಿಂದ ಕೂಡಿಟ್ಟ ಬೈಗುಳವೆಲ್ಲ ನಾಲಿಗೆಯ ಮೇಲೆ ಸಾಲಾಗಿ ನಿಂತಿತ್ತು. ಹೊರಗೆ ಬಂದು ನೋಡಿದರೆ ಅಳಿಯಂದಿರು ಆ ಬೀಗದ ಬಾಗಿಲ ಮುಂದೆ ನೆಲದ ಮೇಲೆ ಕೂತಿದ್ದಾರೆ.

“ಆಸ್ಪತ್ರೆಗೆ ಹೊರಟ ದಿನ ನೀವು ಫೋನಲ್ಲಿ ದೀಪ ಹಚ್ಚಿ ಹೊರಡಿ ಅಂದ್ರಿ, ಅತ್ತೆ. ಟೈಮಿಲ್ಲ ಅಂದೆ. ಆಮೇಲೆ ಅವಳು ಅಲ್ಲಿ ಮಲಗಿದ್ದಷ್ಟು ದಿನವೂ ಅದೇ ಯೋಚನೆ. ಹಚ್ಚಬೇಕಿತ್ತು, ಹಚ್ಚಬೇಕಿತ್ತು ಅಂತ. ಈ ಸಲ ಯಾವುದೂ ಬಿಟ್ಟುಹೋಗೋದು ಬೇಡ ಅನ್ನಿಸ್ತು.”

ದೀಪ ಹಚ್ಚದಿದ್ದರೆ ಕಾಯಿಲೆ ಬರುತ್ತದೆಯೇ? ನಾಲ್ಕನೇ ಕ್ಲಾಸಿನವಳಿಗೆ ಗೊತ್ತಿರುವುದು ಇವರಿಗೆ ಗೊತ್ತಿಲ್ಲ! ಆದರೂ ಬೈಗುಳ ಯಾಕೋ ಹೊರಗೆ ಬರಲಿಲ್ಲ. “ಏಳಿ, ಉಪ್ಪಿಟ್ಟು ಆರಿಹೋಗತ್ತೆ” ಎಂದೆ. ಉಪ್ಪಿಟ್ಟು ಇನ್ನೂ ಮಾಡಿರಲೇ ಇಲ್ಲ. ಹೋಗಿ ಮಾಡಿದೆ.

ಮರುದಿನ ಶುಕ್ರವಾರ. ಬೆಳಕು ಹರಿಯುವ ಮುಂಚೆಯೇ ಎಲ್ಲರನ್ನೂ ಎಬ್ಬಿಸಿದೆ. “ಯಲ್ಲಾ, ಹೊರಡಿ, ಕಾರು ತೆಗೀರಿ.”

“ಎಲ್ಲಿಗೆ? ಎಷ್ಟು ಹೊತ್ತಿಗೆ ವಾಪಸ್ಸು, ಅತ್ತೆ?”

“ಗೊತ್ತಿಲ್ಲ.”

ಅಳಿಯಂದಿರ ಮುಖ ನೋಡಬೇಕಿತ್ತು!

ಖುರುಮ್‌ನಲ್ಲಿ ನಮ್ಮವರೆಲ್ಲ ಆಗಲೇ ವಾಕಿಂಗಿನಲ್ಲಿದ್ದರು. ಅವತ್ತು ಅಡ್ಡ ನಿಂತಿದ್ದ ಆಕೆಯೂ ಇದ್ದರು. ಮಗಳು ಕಾರಿನ ಬಾಗಿಲಿನ ಬಳಿಯೇ ನಿಂತಳು. ನಾನು ಸೀರೆ ಎತ್ತಿಕಟ್ಟಿ, ತುರುಬು ಬಿಚ್ಚಿ, ಇಲಿಬಾಲದಂಥ ನನ್ನ ಬಿಳಿ ಕೂದಲು ಹರಡಿಕೊಂಡು ನೀರಿಗಿಳಿದೆ. ಒಂದು ಅಲೆ ಬಂದು ಕೆಡವಿತು. ಬಾಯಿ ತುಂಬ ಉಪ್ಪುನೀರು! ಎದ್ದು ನಿಂತರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನೋಡಲಿ.

ಆಕೆ ಬಾಯಿ ತೆರೆಯುವ ಮೊದಲೇ ಕೂಗಿದೆ: “ಜಡೆ ಹೋಯ್ತು ಕಣಮ್ಮ, ಮಗಳು ಇದ್ದಾಳೆ!” ಆಮೇಲೆ ಮಗಳ ಕಡೆ ತಿರುಗಿ, “ಬಾರೇ!” ಎಂದೆ.

ಅವಳು ಸ್ಕಾರ್ಫ್ ಬಿಚ್ಚಿ ಗಂಡನ ಕೈಗೆ ಕೊಟ್ಟು, ನೆಟ್ಟಗೆ ನನ್ನ ಹತ್ತಿರ ನಡೆದು ಬಂದಳು. ನಾನು ಆ ಬೆರಳುದ್ದದ ಕೂದಲಿಗೆ ಕೈ ಹಾಕಿ, ಚಿಕ್ಕವಳಿದ್ದಾಗ ಎಣ್ಣೆನೀರು ಹಾಕುವಾಗ ಬಗ್ಗಿಸುತ್ತಿದ್ದಂತೆ ತಲೆ ಬಗ್ಗಿಸಿ, ಸಮುದ್ರದಲ್ಲಿ ಮುಳುಗಿಸಿದೆ.