ಮುಚ್ಚಿದ ಖಾನಾವಳಿಯ ತಾಜಾ ಸುದ್ದಿ

ಅಂತರ್ಜಾಲಕ್ಕೆ ಹೆಸರು ಸೇರಿಸುವುದು ಸುಲಭ, ಅಲ್ಲಿಂದ ಬಿಡಿಸಿಕೊಳ್ಳುವುದು ಮಾತ್ರ ಪ್ರಾಣಸಂಕಟ. ಮೊದಲೇ ಗೊತ್ತಿದ್ದರೆ ನಾನು ಆ ಉಸಾಬರಿಗೇ ಹೋಗುತ್ತಿರಲಿಲ್ಲ. ವಾಡಿ ರೈಲು ನಿಲ್ದಾಣದ ಹತ್ತಿರ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಖಾನಾವಳಿ ನಡೆಸುತ್ತಿದ್ದೆವು. ರೊಟ್ಟಿ ಬಡಿದು ಬಡಿದು ಹೆಂಡತಿ ಶಾಂತಾಳ ಮಣಿಕಟ್ಟು ಸೋತಿತು. ಕೈಗೆ ವಿಶ್ರಾಂತಿ ಕೊಡದಿದ್ದರೆ ಆಪರೇಷನ್ನೇ ಗತಿ ಎಂದರು ಡಾಕ್ಟರು. ಅಂದೇ ಬೋರ್ಡು ಇಳಿಸಿದೆ. ನಮ್ಮ ವೆಬ್ ಪುಟದಲ್ಲಿ 'ಖಾನಾವಳಿ ಮುಚ್ಚಿದೆ' ಎಂದು ಬರೆದೆ. ಮುಗಿಯಿತೆಂದುಕೊಂಡೆ.

ಎಲ್ಲಿ ಮುಗಿಯಿತು! ರೈಲಿನಿಂದ ಇಳಿದವರು ಮೊಬೈಲು ಹಿಡಿದು ಬರುತ್ತಲೇ ಇದ್ದರು. ಹುಡುಕಿದರೆ ಇನ್ನೂ 'ಬಿಸಿ ರೊಟ್ಟಿ, ಪುಂಡಿಪಲ್ಯ' ಎಂದೇ ತೋರಿಸುತ್ತಿತ್ತು. ತಲೆ ಕೆಟ್ಟು, ಆ ಪುಟ ಮಾಡಿಕೊಟ್ಟಿದ್ದ ಶಹಾಬಾದಿನ ಗೆಳೆಯ ಖಾಜಾಸಾಬರ ಹತ್ತಿರ ಹೋದೆ.

"ಆ ಹುಡುಕೋ ಯಂತ್ರ ಈಗ ನೋಡಿ ಹೇಳಂಗಿಲ್ರಿ," ಎಂದರು ಅವರು. "ಮೊದಲೇ ಬಂದು ಓದಿ ನಕಲು ಇಟ್ಕೊಂಡಿರ್ತದ, ಅದನ್ನೇ ತೋರಸ್ತದ. ದಿನಾ ಬದಲಾಗೋ ಪುಟಕ್ಕ ದಿನಾ ಬರ್ತದ. ನಿಮ್ದು ವರ್ಷಗಟ್ಟಲೆ ಹಂಗೇ ಬಿದ್ದದ, ಯಾವಾಗರ ಬರ್ತದ."

"ಯಾವಾಗರ ಅಂದ್ರ?"

"ಅದರ ಮರ್ಜಿ. ಬಾ ಅಂತ ಅರ್ಜಿ ಹಾಕೀನಿ. ಸಬರ್ ಮಾಡ್ರಿ."

ಸಬರ್! ಮಗಳ ಮದುವೆಯಲ್ಲಿ ಬೀಗರನ್ನೂ ನಾನು ಇಷ್ಟು ಕಾದಿರಲಿಲ್ಲ. ಅಷ್ಟರಲ್ಲಿ ಸೇಡಂ, ಚಿಂಚೋಳಿ ಕಡೆಯವರೆಲ್ಲ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವ ರೂಢಿ ನಮ್ಮಲ್ಲಿಲ್ಲ. "ಖಾನಾವಳಿ ಮುಚ್ಚೀವ್ರಿ" ಎಂದ ಉಸಿರಿನಲ್ಲೇ ನನ್ನ ಬಾಯಿ, "ಬಂದೀರಿ, ಕುಂದ್ರಿ, ಎರಡು ರೊಟ್ಟಿ ತಿಂದು ಹೋಗ್ರಿ" ಎಂದುಬಿಡುತ್ತಿತ್ತು. ಅತಿಥಿಗಳ ಹತ್ತಿರ ದುಡ್ಡು ಕೇಳುವುದು ಹೇಗೆ? ಒಳಗೆ ಶಾಂತಾ ಹಲ್ಲು ಕಚ್ಚಿಕೊಂಡು ಹಿಟ್ಟು ನಾದುತ್ತಿದ್ದಳು. ನಾನು ಹೊರಗೆ ಕೂತು ಆ ಹುಡುಕುವ ಯಂತ್ರಕ್ಕೆ ಹಿಡಿಶಾಪ ಹಾಕುತ್ತಿದ್ದೆ.

ಕೊನೆಗೊಂದು ದಿನ ಅದು ಎಚ್ಚೆತ್ತಿತು. 'ಖಾನಾವಳಿ ಮುಚ್ಚಿದೆ!' ಕುಣಿಯುತ್ತ ಹೋಗಿ ಶಾಂತಾಳಿಗೆ ತೋರಿಸಿದೆ. ಅವಳು ಅದರ ಕೆಳಗಿನದನ್ನೂ ಓದಿದಳು. ಚಿತ್ತಾಪುರದ ಪುಣ್ಯಾತ್ಮನೊಬ್ಬ ದಿನವೂ ಬರೆಯುವ ತನ್ನ ಪುಟದಲ್ಲಿ ಹಿಂದಿನ ದಿನವಷ್ಟೇ ಬರೆದಿದ್ದ: 'ಮುಚ್ಚಿದೆ ಎಂದರೂ ಹೋಗಿ. ಯಜಮಾನರು ಕೂರಿಸಿ ಉಣಿಸುತ್ತಾರೆ. ದುಡ್ಡು ಮುಟ್ಟುವುದಿಲ್ಲ.'

"ಇನ್ನ ಅದಕ್ಕ ಬೈಬ್ಯಾಡ್ರಿ, ಖರೇನೇ ಹೇಳಾಕತ್ತದ," ಎಂದ ಶಾಂತಾ ಹಿಟ್ಟಿನ ಪರಾತವನ್ನು ನನ್ನ ಮುಂದೆ ತಳ್ಳಿದಳು. "ಕರೆಯೋರೇ ಬಡೀರಿ."

ಅಂದಿನಿಂದ ಬಡಿಯುತ್ತಿದ್ದೇನೆ. ಒಂದು ಹರಿಯುತ್ತದೆ, ಇನ್ನೊಂದು ಹೊತ್ತುತ್ತದೆ. ತಿಂದವರಲ್ಲಿ ಒಬ್ಬರಾದರೂ ನನ್ನ ರೊಟ್ಟಿಯ ಬಗ್ಗೆ ನಿಜ ಬರೆದರೆ ಈ ಕಾಟ ತಪ್ಪೀತೆಂದು ದಿನಾ ಹುಡುಕಿ ನೋಡುತ್ತೇನೆ. ನಮ್ಮ ಕಡೆಯ ಜನ ಭಾಳ ಮರ್ಯಾದಸ್ತರು. ಇವತ್ತು ಬೆಳಿಗ್ಗೆ ಹೊಸದೊಂದು ಕಾಣಿಸಿತು: 'ಈಗ ಯಜಮಾನರೇ ಸ್ವತಃ ರೊಟ್ಟಿ ಬಡಿದು ಬಡಿಸುತ್ತಾರೆ. ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ.'