ತೊಂಬತ್ತೆರಡು ಕಿಲೋ ಹೊತ್ತು ಓಡಿದ್ದು

ನನಗೂ ನನ್ನ ಮೈಗೂ ಮೊದಲಿನಿಂದಲೂ ಹೊಂದಾಣಿಕೆಯಿಲ್ಲ. ನಾನು ಹೊರಟ ಮೇಲೆ ಅದು ಸಾವಕಾಶ ಹೊರಡುತ್ತದೆ. ಬೇರೆಯವರಿಗೆ ವರ್ಷಕ್ಕೊಮ್ಮೆ ಆಗುವ ಫಜೀತಿ ನನಗೆ ವಾರಕ್ಕೊಂದರಂತೆ ಆಗುತ್ತಲೇ ಬಂದಿದೆ. ಎಲ್ಲವನ್ನೂ ಹೇಳಿದರೆ ಮರ್ಯಾದೆ ಉಳಿಯುವುದಿಲ್ಲ. ಅದಕ್ಕೇ ಓಟಕ್ಕೆ ಸಂಬಂಧಪಟ್ಟವನ್ನಷ್ಟೇ ಹೇಳುತ್ತೇನೆ. ಉಳಿಯಬಹುದಾದ ಮರ್ಯಾದೆ ಅದರಲ್ಲೂ ಏನಿಲ್ಲ, ಬಿಡಿ.

ತೊಂಬತ್ತರ ದಶಕದ ಮಾತು. ಹಳಿಯಾಳದ ಒಂದು ತಾಲೀಮಿನಲ್ಲಿ, ಅಂದರೆ ಗರಡಿಯಲ್ಲಿ, ಬೆಳಿಗ್ಗೆ ಸಂಜೆ ಕುಸ್ತಿ ಆಡುತ್ತಿದ್ದೆ, ಹಗಲು ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ದಿನಗೂಲಿಯಾಗಿ ದಿಮ್ಮಿ ಉರುಳಿಸುತ್ತಿದ್ದೆ. ಅದೇ ಡಿಪೋದಲ್ಲಿ ಇಪ್ಪತ್ತು ವರ್ಷ ದಿನಗೂಲಿಯಾಗಿಯೇ ದುಡಿದ ಅಪ್ಪ ಸೊಂಟ ಹೋಗಿ ಹಾಸಿಗೆ ಹಿಡಿದಿದ್ದ. ನನಗೂ ಅದೇ ಗತಿ ಬರಬಾರದೆಂದು ಅವ್ವನಿಗೆ ಒಂದೇ ಆಸೆ: ಮಗ ಫಾರೆಸ್ಟ್ ಗಾರ್ಡ್ ಆಗಬೇಕು, ಖಾಯಂ ನೌಕರಿ ಸಿಗಬೇಕು. ಗಾರ್ಡ್ ಆಗಲು ಓಡಬೇಕು. ಎಲ್ಲ ತೊಂದರೆಯೂ ಅಲ್ಲಿಂದಲೇ ಶುರು.

೧. ಬಸ್ಸು ಹೆದರಿದ್ದು

ತಾಲೀಮಿನ ಗುರುಗಳನ್ನು ನಾವು ವಸ್ತಾದರು ಎನ್ನುತ್ತೇವೆ. ನಮ್ಮ ವಸ್ತಾದರು ಹದಿನೈದು ವರ್ಷ ನನಗೆ ಕಲಿಸಿದ್ದು ಒಂದೇ ಪಾಠ. "ನಿಂತ ಜಾಗಾ ಬಿಡಬ್ಯಾಡ. ಎದರಿನಾಂವ ದಬ್ಬಲಿ, ಜಗ್ಗಲಿ, ನೀ ಅಳ್ಳಾಡಬಾರದು." ನಾನು ಅಳ್ಳಾಡದಂತೆ ಎರಡು ಹೊತ್ತು ಹಾಲು, ಬದಾಮಿ, ತುಪ್ಪ ಸುರಿದರು. ತೂಕ ತೊಂಬತ್ತೆರಡು ಕಿಲೋ ಆಯಿತು. ತೊಡೆ ಎಷ್ಟು ದಪ್ಪವೆಂದರೆ ನಡೆಯುವಾಗ ಒಂದು ಇನ್ನೊಂದಕ್ಕೆ ದಾರಿ ಬಿಡುತ್ತಿರಲಿಲ್ಲ.

ಒಂದು ದಿನ ದಾಂಡೇಲಿ ಬಸ್ಸು ಸ್ಟ್ಯಾಂಡಿನಿಂದ ಹೊರಟುಬಿಟ್ಟಿತ್ತು. ನಾನು ಕೈ ಎತ್ತಿ, "ತಡೀರಿ, ತಡೀರಿ" ಎಂದು ಕೂಗುತ್ತ ಬೆನ್ನು ಹತ್ತಿದೆ. ಬಸ್ಸು ನಿಲ್ಲುವುದು ಬಿಟ್ಟು ಇನ್ನೂ ಜೋರಾಗಿ ಹೋಯಿತು. ಮರುದಿನ ಕಂಡಕ್ಟರನ ಜೊತೆ ಜಗಳ ತೆಗೆದೆ.

"ಒಂದ ಮುದುಕಿ ಸಲುವಾಗಿ ನಿಲ್ಲಸ್ತೀರಿ, ನನಗ್ಯಾಕ ನಿಲ್ಲಸಲಿಲ್ರಿ?"

ಅವನು ತಣ್ಣಗೆ ಹೇಳಿದ. "ಪೈಲವಾನ್ರ, ಕನ್ನಡಿಯೊಳಗ ನಿಮ್ಮನ್ನ ನೋಡಿ ಡ್ರೈವರ್ ಹೆದರಿದಾ. ಹತ್ತಾಕ ಬರಾಕತ್ತಾರೋ, ಗೂಳಿ ಹಂಗ ಹಾಯಾಕ ಬರಾಕತ್ತಾರೋ ಗೊತ್ತಾಗ್ಲಿಲ್ಲಂತ."

೨. ಗಟ್ಟಿ ಮೈ

ಗಾರ್ಡ್ ಭರ್ತಿಗೆ ಮೊದಲ ಸಲ ಹೋದೆ. ಮೈದಾನದ ಸುತ್ತ ನಾಲ್ಕು ಸುತ್ತು, ಎಂಟು ನಿಮಿಷದೊಳಗೆ. ಜೋಯಿಡಾ ಕಡೆಯಿಂದ ಬಂದ ಹುಡುಗರು ಬಿದಿರಿನ ಕಡ್ಡಿಗಳಂತಿದ್ದರು. ಅವರನ್ನು ನೋಡಿ ನನಗೆ ಕನಿಕರವೇ ಬಂತು. ಪಾಪ, ಇವರೆಲ್ಲ ಯಾಕೆ ಇಷ್ಟು ದೂರ ಬಂದರೋ ಎಂದುಕೊಂಡೆ.

ಸೀಟಿ ಊದಿದ ಕೂಡಲೇ ನಾನೇ ಎಲ್ಲರಿಗಿಂತ ಮುಂದೆ. ತೊಡೆಯಲ್ಲಿ ಬಲವಿತ್ತಲ್ಲ, ಒಂದೇ ಜಿಗಿತಕ್ಕೆ ಹತ್ತು ಹೆಜ್ಜೆ ದಾಟಿದ್ದೆ. ಆ ಬಲವೆಲ್ಲ ಅರ್ಧ ಸುತ್ತಿಗೇ ಮುಗಿಯಿತು. ಆಮೇಲೆ ಕನಿಕರಕ್ಕೆ ಪಾತ್ರರಾದವರೆಲ್ಲ ಒಬ್ಬೊಬ್ಬರಾಗಿ ನನ್ನನ್ನು ದಾಟಿ ಹೋದರು. ನಾನು ನಾಲ್ಕನೇ ಸುತ್ತಿನಲ್ಲಿದ್ದಾಗ ಉಳಿದವರು ಚಹಾ ಕುಡಿದು ಮುಗಿಸಿದ್ದರು. ಭರ್ತಿ ನಡೆಸುತ್ತಿದ್ದ ಫಾರೆಸ್ಟ್ ಸಾಹೇಬರ ಕುರ್ಚಿ ಜೀಪಿಗೆ ಏರಿತ್ತು.

"ತಮ್ಮಾ, ಮೈ ಭಾಳ ಆತು. ಕಡಿಮಿ ಮಾಡು" ಎಂದರು ಸಾಹೇಬರು.

ನನಗೆ ಸಿಟ್ಟು ಬಂತು. ತೋಳು ಮಡಚಿ ತೋರಿಸಿದೆ. "ಇದು ಬೊಜ್ಜಲ್ರಿ ಸಾಹೇಬ್ರ. ಮುಟ್ಟಿ ನೋಡ್ರಿ, ಎಲ್ಲಾ ಗಟ್ಟಿ ಮೈ."

ಅವರು ಮುಟ್ಟಿ ನೋಡಿದರು, ತಲೆದೂಗಿದರು. "ಖರೇ ಐತಿ. ಆದ್ರ ಗಟ್ಟಿ ಮೈಯನ್ನ ಹೊರಾಕ ಬ್ಯಾರೇ ಆಳ ಬರ್ತಾನೇನ? ಅದನ್ನೂ ನೀನ ಹೊತಗೊಂಡ ಓಡಬೇಕಲ್ಲೋ."

೩. ಎದೆ ಎಲ್ಲಿ ಹೋಯಿತು

ಹಟ ಹಿಡಿದೆ. ಹಾಲು ಬಿಟ್ಟೆ, ತುಪ್ಪ ಬಿಟ್ಟೆ. ಎರಡು ಹೊತ್ತಿಗೂ ಒಂದೊಂದೇ ರೊಟ್ಟಿ. ಸಾಮು ಮಾಡುವುದನ್ನು ನಿಲ್ಲಿಸಿ, ರಜೆ ಇದ್ದಾಗಲೆಲ್ಲ ಗಣೇಶಗುಡಿಯ ಏರಿನಲ್ಲಿ ಓಡಿದೆ. ಮುಂದಿನ ಭರ್ತಿಯ ಹೊತ್ತಿಗೆ ಅರವತ್ತೊಂದು ಕಿಲೋಗೆ ಇಳಿದಿದ್ದೆ. ನನಗೇನೋ ಹೆಮ್ಮೆ. ಊರಿನವರಿಗೆ ಮಾತ್ರ ಬೇರೆಯೇ ಅನುಮಾನ. ಓಣಿಯ ಹೆಂಗಸರು ಮೋಸಂಬಿ ಹಿಡಿದುಕೊಂಡು ಮನೆಗೆ ಬಂದು ಅವ್ವನ ಹತ್ತಿರ ಮೆಲ್ಲಗೆ, "ಡಾಕ್ಟರು ಏನಂತಾರವಾ?" ಎಂದು ಕೇಳಿ ಹೋಗುತ್ತಿದ್ದರು. ಹಾಸಿಗೆ ಹಿಡಿದ ಅಪ್ಪನನ್ನು ಬಿಟ್ಟು ಮೋಸಂಬಿಯನ್ನೆಲ್ಲ ನನ್ನ ಕೈಗೇ ಕೊಡುತ್ತಿದ್ದರು.

ಓಟದಲ್ಲಿ ಪಾಸಾದೆ! ಜೋಯಿಡಾ ಹುಡುಗರ ನಡುವೆಯೇ ಗೆರೆ ಮುಟ್ಟಿದೆ. ಕಣ್ಣಲ್ಲಿ ನೀರು ಬಂತು. ಆಮೇಲೆ ಎದೆ ಅಳತೆ. ಉಸಿರು ತುಂಬಿಕೊಂಡಾಗ ಇಷ್ಟು ಇರಬೇಕೆಂದು ಒಂದು ಲೆಕ್ಕವಿದೆ. ನಾನು ಉಸಿರೆಳೆದೆ. ಟೇಪು ಹಿಡಿದವನು, "ಇನ್ನೂ ಎಳೀರಿ" ಎಂದ. ಮೈದಾನದ ಗಾಳಿಯನ್ನೆಲ್ಲ ಎಳೆದೆ. ಕಣ್ಣು ಹೊರಗೆ ಬಂದವೇ ಹೊರತು ಎದೆ ಬರಲಿಲ್ಲ. ಒಂದು ಬೆರಳು ಕಡಿಮೆ.

ಅದೇ ಸಾಹೇಬರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೋದ ಸಲ ಎದಿ ತಂದಿದ್ದಿ, ಕಾಲ ಮನ್ಯಾಗ ಬಿಟ್ಟ ಬಂದಿದ್ದಿ. ಈ ಸಲ ಕಾಲ ತಂದಿ, ಎದಿ ಬಿಟ್ಟ ಬಂದಿ. ಎರಡೂ ಕೂಡೇ ತಗೊಂಡ ಬಾರೋ ಮಾರಾಯಾ."

ಅಳು ನುಂಗಿಕೊಂಡು ನೇರವಾಗಿ ತಾಲೀಮಿಗೆ ಹೋದೆ. ವಸ್ತಾದರ ಹೆಗಲ ಮೇಲೆ ತಲೆಯಿಟ್ಟು ಅತ್ತು ಹಗುರಾಗೋಣವೆಂದು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಅವರು ಪ್ರೀತಿಯಿಂದ ಕರೆದರು. "ಬಾರೋ ತಮ್ಮಾ. ಹೊಸದಾಗಿ ಕಲ್ಯಾಕ ಬಂದೀಯೇನ? ಮೊದಲ ಎರಡ ವರ್ಷ ಹಾಲ ಕುಡದ ಬಾ, ಆಮ್ಯಾಲ ನೋಡೂಣು."

೪. ಮೆರವಣಿಗೆ

ಮೂರನೆಯದು ಕೊನೆಯ ಅವಕಾಶ. ಅದು ತಪ್ಪಿದರೆ ವಯಸ್ಸು ಮೀರುತ್ತಿತ್ತು. ಮುಂದೆ ಸೊಂಟ ಹೋಗುವ ತನಕ ದಿಮ್ಮಿ, ಆಮೇಲೆ ಅಪ್ಪನ ಪಕ್ಕದಲ್ಲಿ ಇನ್ನೊಂದು ಹಾಸಿಗೆ. ಈ ಸಲ ವಸ್ತಾದರೇ ಮುಂದೆ ನಿಂತರು. ಬೆಳಿಗ್ಗೆ ಓಟ, ಸಂಜೆ ಸಾಮು, ಹಾಲು ಅಳತೆಯಲ್ಲಿ. ಎಪ್ಪತ್ತೆಂಟು ಕಿಲೋಗೆ ತಂದು ನಿಲ್ಲಿಸಿದರು. ಓಡಿದರೆ ಏಳೂವರೆ ನಿಮಿಷಕ್ಕೆ ಸರಿಯಾಗಿ ಮುಗಿಸುತ್ತಿದ್ದೆ. ವೇಗವಲ್ಲ ನಿಜ, ಆದರೆ ಪಾಸಾಗಲು ಸಾಕು.

ಭರ್ತಿಯ ದಿನ ಇಡೀ ತಾಲೀಮೇ ಬಂದಿತ್ತು. ಬಾರಿಸಲು ಹಲಗೆ ತಂದಿದ್ದರು, ರುಮಾಲು ತಂದಿದ್ದರು, ಹಾರ ತಂದಿದ್ದರು. ಎದೆ ಅಳತೆ ಮೊದಲು ಆಯಿತು. ಒಂದು ಬೆರಳು ಹೆಚ್ಚೇ ಬಂತು. ಓಟವೂ ಶುರುವಾಯಿತು. ನಾನು ಯಾರ ಕಡೆಗೂ ನೋಡದೆ ನನ್ನ ಲೆಕ್ಕದಲ್ಲಿ ಓಡಿದೆ.

ತೊಂದರೆ ಎಲ್ಲಿ ಆಯಿತೆಂದರೆ, ಕುಸ್ತಿಯವರಿಗೆ ಸುತ್ತಿನ ಲೆಕ್ಕ ಗೊತ್ತಿಲ್ಲ. ಒಬ್ಬನ ಬೆನ್ನು ಮಣ್ಣಿಗೆ ತಾಗಿತೋ, ಆಟ ಮುಗಿಯಿತು. ನಾನು ಮೂರನೇ ಸುತ್ತು ಮುಗಿಸುವ ಹೊತ್ತಿಗೆ ಜೋಯಿಡಾದ ಹುಡುಗನೊಬ್ಬ ನಾಲ್ಕನೆಯದನ್ನು ಮುಗಿಸುತ್ತಿದ್ದ. ಇಡೀ ಒಂದು ಸುತ್ತು ಹಿಂದಿದ್ದ ನಾನು, ನೋಡುವವರ ಕಣ್ಣಿಗೆ ಅವನಿಗಿಂತ ನಾಲ್ಕು ಹೆಜ್ಜೆ ಮುಂದಿದ್ದೆ. ಗೆರೆ ದಾಟಿದೆ. ಹಿಂದೆಯೇ ಅವನು ದಾಟಿದ. ಸೀಟಿ ಊದಿದರು.

"ಗೆದ್ದಾ! ನಮ್ಮ ಹುಡುಗ ಗೆದ್ದಾ! ಹೊಡೀರೋ ಹಲಗಿ!"

ವಸ್ತಾದರ ದನಿ. ನಾನು ತಿರುಗಿ ನೋಡುವಷ್ಟರಲ್ಲಿ ನಾಲ್ಕು ಜನ ಪೈಲವಾನರು ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿದ್ದರು. ಕೊರಳಿಗೆ ಹಾರ, ತಲೆಗೆ ರುಮಾಲು.

"ಇಳಸ್ರೋ! ಇನ್ನೂ ಒಂದ ಸುತ್ತ ಐತ್ರೋ!" ಎಂದು ಕಿರುಚಿದೆ.

"ಹೌದೋ, ಒಂದ ಸುತ್ತ ಮೆರಸೇ ಇಳಸ್ತೇವಿ, ಗಡಿಬಿಡಿ ಮಾಡಬ್ಯಾಡ" ಎಂದರು. ಗೆದ್ದವನನ್ನು ಅಖಾಡದ ಸುತ್ತ ಒಂದು ಸಲ ಮೆರೆಸದೆ ಕೆಳಗಿಳಿಸುವ ಪದ್ಧತಿ ನಮ್ಮ ತಾಲೀಮಿನಲ್ಲಿ ಇಲ್ಲ. ಒದ್ದಾಡಿದೆ. ಒದ್ದಾಡಿದಷ್ಟೂ ಹಿಡಿತ ಬಿಗಿಯಾಯಿತು, ಅವರಿಗೆ ಬರುವುದು ಅದೇ ತಾನೆ. ನನ್ನ ನೌಕರಿ ಹೆಗಲ ಮೇಲಿಂದಲೇ ಜಾರಿ ಹೋಗುತ್ತಿತ್ತು. ಕೊನೆಗೆ ಇಳಿಯುವ ಆಸೆ ಬಿಟ್ಟು, "ಹಂಗಾರ ಓಡ್ರೋ, ಜಲ್ದಿ ಓಡ್ರೋ!" ಎಂದು ಬೇಡಿಕೊಂಡೆ. ಹಲಗೆಯವನು ಮುಂದೆ, ನಾನು ಮೇಲೆ. ಸುತ್ತು ಹಾಕಿ ಗೆರೆಯ ಮೇಲೆ ತಂದು ಇಳಿಸಿದರು.

ಸಾಹೇಬರು ಗಡಿಯಾರ ನೋಡಿದರು. ನಗು ತಡೆದು ಅವರ ಮುಖ ಕೆಂಪಾಗಿತ್ತು. "ನಾಲ್ಕ ಮಂದಿ ನಿನ್ನ ಹೊತಗೊಂಡ, ನೀ ಒಬ್ಬನ ಓಡಿದ್ದಕ್ಕಿಂತ ಜಲ್ದಿ ಬಂದಾರಲ್ಲೋ!"

ವಸ್ತಾದರಿಗೆ ಈಗ ಅರ್ಥವಾಯಿತು. ರುಮಾಲು ತೆಗೆದು ಕೈಮುಗಿದು ನಿಂತರು. "ತಪ್ಪ ನಂದ್ರಿ ಸಾಹೇಬ್ರ. ಹುಡುಗನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ."

ಸಾಹೇಬರು ವೇಳೆ ಬರೆದಿಟ್ಟ ಕಾಗದ ನೋಡಿದರು. "ಮೂರು ಸುತ್ತಿಗೆ ಇವ ತಗೊಂಡಿದ್ದು ಐದೂವರಿ ನಿಮಿಷ. ಎರಡೂವರಿ ಉಳದಾವು. ಒಂದ ಸುತ್ತ, ಸ್ವಂತ ಕಾಲಿನ ಮ್ಯಾಲ. ನೀವೆಲ್ಲಾ ಹಗ್ಗದ ಆಚಿಗ ನಡೀರಿ. ನಾ ಕೈ ಮಾಡೂತನಕ ಒಬ್ಬರೂ ಒಳಗ ಬರಬಾರದು."

ಹಾರ ತೆಗೆದಿಟ್ಟು ಓಡಿದೆ. ಜೀವಮಾನದಲ್ಲಿ ಹಾಗೆ ಓಡಿಲ್ಲ, ಮುಂದೂ ಓಡುವುದಿಲ್ಲ. ಗೆರೆ ದಾಟಿ ಬೋರಲು ಬಿದ್ದೆ. "ಪಾಸ್" ಎನ್ನುವುದು ಎಲ್ಲೋ ದೂರದಿಂದ ಕೇಳಿತು. ಮಣ್ಣಿನಲ್ಲಿ ಮುಖವಿಟ್ಟು ಅತ್ತೆ. ಎದ್ದು ನಿಲ್ಲಲು ನೋಡಿದರೆ ಕಾಲು ನನ್ನದಲ್ಲ.

"ಈಗರ ಎತ್ರೋ!" ಎಂದು ಕೂಗಿದೆ.

ಹಗ್ಗದ ಆಚೆ ಇಡೀ ತಾಲೀಮು ಕೈಕಟ್ಟಿ ನಿಂತಿತ್ತು. ಒಬ್ಬನೂ ಅಳ್ಳಾಡಲಿಲ್ಲ. ಸಾಹೇಬರು ಹೊಟ್ಟೆ ಹಿಡಿದು ನಗುತ್ತ ಕೈ ಮಾಡುವುದನ್ನೇ ಮರೆತಿದ್ದರು. ಕೊನೆಗೆ ನಾನೇ ಅಂಬೆಗಾಲಿಟ್ಟುಕೊಂಡು ಹಗ್ಗದ ತನಕ ಹೋಗಿ ವಸ್ತಾದರ ಪಾದ ಹಿಡಿದೆ. ಅವರು ಬಗ್ಗಿ, ಸಾಹೇಬರಿಗೆ ಕೇಳದಂತೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

"ಖರೇ ಹೇಳೋ ತಮ್ಮಾ, ಮುಗೀತಿಲ್ಲೋ? ಇನ್ನೊಂದ ಸುತ್ತ ಏನರ ಉಳದೈತೇನ?"