ಕ್ರೇನಿನ ಚರಿತ್ರೆ ಹೇಳಿದ ಕೈ

ಕಟ್ಟಡ ಕಟ್ಟುವ ಜಾಗದಲ್ಲಿ ಬೆಳಿಗ್ಗೆಯೇ ವಾಕಿಟಾಕಿ ಸತ್ತುಹೋಯಿತು. ಕೆಳಗೆ ನಿಂತು ಕ್ರೇನಿಗೆ ಸೂಚನೆ ಕೊಡುವ ಸಿಗ್ನಲ್‌ಮ್ಯಾನ್ ಅದನ್ನು ಕುಟ್ಟಿದ, ಬೈದ, ಬಿಸಿಲಿಗೆ ಹಿಡಿದ. ಮುನಿಸಿಕೊಂಡ ಸೊಸೆಯಂತೆ ಅದು ಬಾಯಿ ಬಿಡಲಿಲ್ಲ. ಇನ್ನು ಕೈಸನ್ನೆಯೇ ಗತಿ. ಬೆರಳು ಮೇಲೆತ್ತಿ ತಿರುಗಿಸಿದರೆ ಎತ್ತು, ಕೆಳಗೆ ಮಾಡಿ ತಿರುಗಿಸಿದರೆ ಇಳಿಸು, ತೋಳು ಚಾಚಿ ಬೀಸಿದರೆ ಸುತ್ತಿಸು, ಮುಷ್ಟಿ ಹಿಡಿದರೆ ನಿಲ್ಲು.

ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತು ಈ ಸನ್ನೆಗಳನ್ನು ಪಾಲಿಸುವವರು ಅವನ ಹೆಂಡತಿಯ ಅಪ್ಪ. ಮೂವತ್ತು ವರ್ಷದಲ್ಲಿ ಒಂದು ಸನ್ನೆಯನ್ನೂ ಯಾಕೆ ಎಂದು ಕೇಳಿದವರಲ್ಲ. ನಾಳೆ ಮಾವನಿಗೆ ನಿವೃತ್ತಿ. ಆ ಕುರ್ಚಿ ಅಳಿಯನಿಗೆಂದು ಮ್ಯಾನೇಜರು ಮಾತು ಕೊಟ್ಟಿದ್ದ. ಧಣಿಯ ಸಹಿ ಮಾತ್ರ ಬಾಕಿ. ಹೆಂಡತಿ ಆಗಲೇ ಬೀದಿಗೆಲ್ಲ ಡಂಗುರ ಸಾರಿದ್ದಳು. ಪರೀಕ್ಷೆಗೆ ಬೇಕಾದೀತೆಂದು ಅವನು ಕ್ರೇನುಗಳ ದಪ್ಪ ಪುಸ್ತಕವೊಂದನ್ನು ಬಾಯಿಪಾಠ ಮಾಡಿದ್ದ.

ಹತ್ತು ಗಂಟೆಗೆ ಧಣಿ ಅತಿಥಿಗಳನ್ನು ಕರೆತರುವವರಿದ್ದರು. ಅವರ ಕಣ್ಣಿಗೆ ಬೀಳಬಾರದೆಂದು ಮ್ಯಾನೇಜರು ಪ್ಲಾಸ್ಟಿಕ್ ಟಾಯ್ಲೆಟ್ಟನ್ನು ಹಿತ್ತಲಿಗೆ ಸಾಗಿಸಲು ಕ್ರೇನಿನ ಕೊಕ್ಕೆಗೆ ಸಿಕ್ಕಿಸಿದ್ದ. ಅಷ್ಟರಲ್ಲಿ ಕಾರು ಬಂತು. ಎಲ್ಲರೂ ಹಾರ ಹಿಡಿದು ಓಡಿದರು. ಧಣಿ ಹಾರ ಹಾಕಿಸಿಕೊಂಡವರೇ ಹೊಟ್ಟೆ ಹಿಡಿದುಕೊಂಡು ಅದೇ ಟಾಯ್ಲೆಟ್ಟಿಗೆ ನುಗ್ಗಿದರು. ಅತಿಥಿಗಳಿಗೆ ಹಾರ ಹಾಕುವ ಗದ್ದಲದಲ್ಲಿ ಅವರು ಎಲ್ಲಿ ಹೋದರೆಂದು ಯಾರೂ ನೋಡಲಿಲ್ಲ.

"ಅತಿಥಿಗಳು ಸುಮ್ನೆ ನಿಂತಿದಾರಲ್ಲೋ! ಏನಾದ್ರೂ ಹೇಳು," ಮ್ಯಾನೇಜರು ತಿವಿದ.

"ಏನು ಹೇಳ್ಲಿ ಸಾರ್?"

"ಕ್ರೇನ್ ಹೇಗ್ ಹುಟ್ತು, ಹೇಗ್ ಬೆಳೀತು... ಓದಿದೀಯಲ್ಲ! ಕಂಬದ ಥರ ನಿಲ್ಬೇಡ, ಕೈ ಆಡಿಸ್ಕೊಂಡು ಹೇಳು."

ಅವನು ಗಂಟಲು ಸರಿಮಾಡಿಕೊಂಡ. "ಹಿಂದೆ ದೊಡ್ಡ ಮರದ ಚಕ್ರ ಇರ್ತಿತ್ತು. ಅದರೊಳಗೆ ಆಳುಗಳು ಇಲಿ ಥರ ನಡೀತಿದ್ರು. ಚಕ್ರ ಹೀಗೆ ತಿರುಗೋದು, ಹೀಗೆ..." ಬೆರಳು ಮೇಲೆದ್ದು ತಿರುಗಿತು. ಅವನ ಬೆನ್ನ ಹಿಂದೆ ಟಾಯ್ಲೆಟ್ಟು ಮೆಲ್ಲಗೆ ನೆಲ ಬಿಟ್ಟಿತು.

"ಆಮೇಲೆ ಉಗಿಯಂತ್ರ ಬಂತು. ಚಕ್ರ ಇನ್ನೂ ಜೋರು!"

ಎರಡನೇ ಮಹಡಿ. ಮೂರನೇ ಮಹಡಿ. ಅತಿಥಿಗಳು ಬಾಯಿ ತೆರೆದು ನೋಡುತ್ತಿದ್ದರು. ತನ್ನ ಪಾಂಡಿತ್ಯಕ್ಕೇ ಬೆರಗಾದರೆಂದು ಅವನು ಹಪ್ಪಳದಂತೆ ಉಬ್ಬಿದ.

"ಕೊನೆಗೆ ಈ ಟವರ್ ಕ್ರೇನು. ಎತ್ತೋದಷ್ಟೇ ಅಲ್ಲ, ಹೀಗೆ ಸುತ್ತಿಸುತ್ತೆ!" ತೋಳು ಚಾಚಿ ಆ ಕಡೆಯಿಂದ ಈ ಕಡೆಗೆ ಬೀಸಿದ. ಟಾಯ್ಲೆಟ್ಟೂ ಆಕಾಶದಲ್ಲಿ ಆ ಕಡೆಯಿಂದ ಈ ಕಡೆಗೆ ಸವಾರಿ ಹೊರಟಿತು.

ಅತಿಥಿಯೊಬ್ಬರು ಚಪ್ಪಾಳೆ ತಟ್ಟಿದರು. "ಭೇಷ್! ಒಳಗೆ ಗೊಂಬೆ ಬೇರೆ ಇಟ್ಟಿದೀರಿ. ಕೂಗು ಕೇಳಿದ್ರೆ ನಿಜ ಮನುಷ್ಯನೇ ಅನ್ಸುತ್ತೆ!"

ಮ್ಯಾನೇಜರು ಬಿಳಿಚಿಕೊಂಡ. "ಅದು ಗೊಂಬೆ ಅಲ್ಲ... ಧಣಿಗಳು!"

ಸಿಗ್ನಲ್‌ಮ್ಯಾನ್ ತಿರುಗಿ ನೋಡಿದ. ತಲೆ ಚಚ್ಚಿಕೊಳ್ಳಲು ಕೈ ಎತ್ತಿದ; ಮಾವ ಅದನ್ನೂ ಪಾಲಿಸಿಬಿಟ್ಟಾರೆಂದು ಹೆದರಿ ಮುಷ್ಟಿ ಹಿಡಿದ. ಆಮೇಲೆ ಬೆರಳು ಕೆಳಗೆ ಮಾಡಿ ಇಷ್ಟಿಷ್ಟೇ ತಿರುಗಿಸಿದ.

"ಕುರ್ಚಿ ಹಾಗಿರ್ಲಿ, ನಿನ್ನ ಕೆಲಸಾನೂ ಹೋಯ್ತು," ಮ್ಯಾನೇಜರು ಹಲ್ಲು ಕಡಿದ.

ಬಾಗಿಲು ತೆರೆಯಿತು. ಧಣಿ ಬೆಲ್ಟು ಸರಿಮಾಡಿಕೊಳ್ಳುತ್ತ ಹೊರಬಂದರು. ಅತಿಥಿಗಳ ಚಪ್ಪಾಳೆ ನಿಂತಿರಲಿಲ್ಲ. ಧಣಿ ಒಂದು ಗಳಿಗೆ ಯೋಚಿಸಿ, ಎಲ್ಲ ತಮ್ಮದೇ ಏರ್ಪಾಡೆಂಬಂತೆ ಕೈಮುಗಿದರು.

"ಯಾರಯ್ಯ ಮೇಲಿರೋನು?"

"ನಮ್ಮ ಮಾವ, ಸಾರ್. ಹೊಟ್ಟೆಗೆ ಹಾಕ್ಕೊಳ್ಳಿ. ಹೇಗೂ ನಾಳೆ ರಿಟೈರ್ ಆಗ್ತಾರೆ."

"ರಿಟೈರಾ? ಮೂರು ಮಹಡಿ ಎತ್ತಿ, ಸುತ್ತಿಸಿ, ಇಳಿಸಿದಾನೆ. ಒಳಗೆ ಬಕೆಟ್ಟಿಂದ ಒಂದು ಹನಿ ನೀರು ಚೆಲ್ಲಿಲ್ಲ! ಇಂಥವನನ್ನ ಕಳಿಸ್ತಾರೇನ್ರೀ? ಇನ್ನೈದು ವರ್ಷ ಮೇಲೆ ಅವನೇ ಇರ್ಲಿ, ಕೆಳಗೆ ಇವನೇ ಇರ್ಲಿ."

"ನಾನೂ ಅದನ್ನೇ ಹೇಳೋನಿದ್ದೆ ಸಾರ್," ಎಂದ ಮ್ಯಾನೇಜರು.

ಸಂಜೆ ಮಾವ ಏಣಿಯಿಳಿದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. "ಮನೇಲಿ ಕೂತು ನಿಮ್ಮತ್ತೆ ಬಾಯಿಗೆ ಬೀಳೋದು ತಪ್ಪಿಸಿದ್ರಿ. ಎಲ್ಲಾ ನಿಮ್ಮ ಕೈಗುಣ, ಅಳಿಯಂದ್ರೇ!"